ನಾನು ಕತ್ತರಿಸದ ಮಾತಿಗೆ ನನ್ನ ಹೆಸರು

ಶಿರಸಿಯ ಆ ಸುದ್ದಿ ವಾಹಿನಿಗೆ ನಾನು ಸೇರಿದ್ದು ಸಂಕಲನ ಕಲಿಯಲಿಕ್ಕೆ. ಇದನ್ನು ಮೊದಲಿಗೇ ಹೇಳಿಬಿಡುತ್ತೇನೆ. ಅಲ್ಲಿದ್ದಷ್ಟು ಕಾಲವೂ ಇದೊಂದು ಮಾತನ್ನು ಬೇರೆಯವರಿಗೆ ನೆನಪಿಸುತ್ತಲೇ ಇರಬೇಕಾಯಿತು, ಕೆಲವು ಸಲ ನನಗೆ ನಾನೇ ಕೂಡ.

ನಾನು ಕನ್ನಡ ಕಲಿಸುತ್ತಿದ್ದ ಖಾಸಗಿ ಶಾಲೆ ಮಕ್ಕಳಿಲ್ಲದೆ ಮುಚ್ಚಿಹೋಗಿತ್ತು. ಆಯಿ, ಅಂದರೆ ನನ್ನ ಅಮ್ಮ, ಮತ್ತು ನಾನು ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಮೂವತ್ತು ದಾಟಿದ ಹೆಂಗಸಿಗೆ ಇನ್ನೊಂದು ಶಾಲೆ ಸಿಗುವುದು ಸುಲಭವಿರಲಿಲ್ಲ. ಆಗ ಫೋನಿನಲ್ಲಿ ಒಂದು ಜಾಹೀರಾತು ಬಂತು: ಸುದ್ದಿ ಮಾಧ್ಯಮದ ಸಂಕಲನ ಮತ್ತು ನಿರ್ಮಾಣದಲ್ಲಿ ತರಬೇತಿ, ಕಲಿತ ಮೇಲೆ ಅಲ್ಲಿಯೇ ಕೆಲಸ, ಮಹಿಳೆಯರಿಗೆ ಆದ್ಯತೆ. ಮೊದಲಿಂದಲೂ ನನಗೆ ಟಿವಿಯಲ್ಲಿ ಸುದ್ದಿ ನೋಡುವಾಗ ಒಂದು ಚಿತ್ರದಿಂದ ಇನ್ನೊಂದು ಚಿತ್ರಕ್ಕೆ ಹೇಗೆ ಹಾರುತ್ತಾರೆ, ಯಾರು ಇದನ್ನೆಲ್ಲ ಜೋಡಿಸುತ್ತಾರೆ ಎಂಬ ಕುತೂಹಲ. ಮರುದಿನವೇ ಹೋಗಿ ಹೆಸರು ಕೊಟ್ಟೆ.

ಕಚೇರಿ ಎಂದರೆ ಪೇಟೆಯ ಬಟ್ಟೆ ಅಂಗಡಿಯೊಂದರ ಮಾಳಿಗೆ. ಅರ್ಧ ಭಾಗಕ್ಕೆ ಹಸಿರು ಪರದೆ ಕಟ್ಟಿ ಸ್ಟುಡಿಯೋ ಮಾಡಿದ್ದರು. ಉಳಿದರ್ಧದಲ್ಲಿ ಎರಡು ಕಂಪ್ಯೂಟರು, ಒಂದು ಮೇಜು, ಸನ್ಮಾನಕ್ಕೆಂದು ತಂದಿಟ್ಟ ಶಾಲುಗಳ ರಾಶಿ. ಅಲ್ಲಿಂದ ಹೊರಟ ಸುದ್ದಿ ಊರಿನ ಕೇಬಲ್‌ನಲ್ಲೂ ಯೂಟ್ಯೂಬ್‌ನಲ್ಲೂ ಬರುತ್ತಿತ್ತು. ಮಾಲೀಕರೂ ಸಂಪಾದಕರೂ ಒಬ್ಬರೇ. ಬನವಾಸಿ ಕಡೆಯವರು, ಮಾತು ಬಲು ಮೃದು. ನನ್ನ ಅರ್ಜಿ ನೋಡಿ, ಒಂದು ಹಾಳೆ ಓದಿಸಿ, ತಲೆಯಾಡಿಸಿದರು.

"ಮೇಡಂ, ನಿಮ್ಮ ಉಚ್ಚಾರ ಭಾಳ ಚೊಲೋ ಐತಿ. ನೀವು ಓದ್ರಿ. ಕಂಪ್ಯೂಟರ್ ಕೆಲ್ಸ ಹುಡುಗ್ರು ನೋಡ್ಕೋತಾರ."

"ಸರ್, ನಾನು ಕಲಿಯಬೇಕು ಅಂತ ಬಂದದ್ದೇ ಆ ಕೆಲಸ."

"ಕಲಿಯೂಣಂತ್ರಿ. ಅವಸರ ಏನೈತಿ?"

ಆ ಅವಸರ ಎಂದೂ ಬರಲಿಲ್ಲ. ನಾನು ಓದಿದೆ. ಅಡಿಕೆ ಧಾರಣೆ ಓದಿದೆ, ಸಂಘಗಳ ವಾರ್ಷಿಕ ಸಭೆ ಓದಿದೆ, ನಿಧನ ವಾರ್ತೆ ಓದಿದೆ, ಯಾರದೋ ಮೊಮ್ಮಗನ ಹುಟ್ಟುಹಬ್ಬದ ಶುಭಾಶಯ ಓದಿದೆ. ಅತಿಥಿಗಳು ಬಂದರೆ ಶಾಲಿನ ಮಡಿಕೆ ಬಿಡಿಸಿ ಕೊಟ್ಟೆ. ಸೀರೆ ಹಸಿರು ಬೇಡ, ಪರದೆಯೊಳಗೆ ಕಾಣೆಯಾಗುತ್ತೀರಿ ಎಂದರು. ಅದನ್ನೂ ಪಾಲಿಸಿದೆ. ಕಂಪ್ಯೂಟರಿನ ಹತ್ತಿರ ನಿಂತರೆ ಸಂಕಲನಕಾರ ತನ್ನ ಕುರ್ಚಿಯನ್ನೇ ಹಿಂದಕ್ಕೆ ಸರಿಸಿ ಪರದೆ ಮರೆಮಾಡುತ್ತಿದ್ದ. ಹೆಂಗಸರಿಗೆ ಆದ್ಯತೆ ಎಂದು ಬರೆದಿದ್ದರಲ್ಲ, ಅದು ಯಾವುದರಲ್ಲಿ ಆದ್ಯತೆ ಎಂದು ನನಗೆ ಆಗ ತಿಳಿಯಿತು. ಮುಖ ತೋರಿಸುವುದರಲ್ಲಿ, ಚಹಾ ತರುವುದರಲ್ಲಿ. ಸಿಟ್ಟು ಬರುತ್ತಿತ್ತು. ಮನೆಗೆ ಬಂದು ಪಾತ್ರೆ ಜೋರಾಗಿ ಇಡುತ್ತಿದ್ದೆ.

"ಪಾತ್ರೆ ಎಂತ ಮಾಡಿದ್ದು ನಿಂಗೆ?" ಎಂದು ಆಯಿ ಕೇಳುತ್ತಿದ್ದಳು.

ಸಿಟ್ಟಿನಲ್ಲೇ ನಾನು ಮನೆಯಲ್ಲಿ ಕಲಿತೆ. ಶಾಲೆಯ ಕಾಲದ ಹಳೇ ಲ್ಯಾಪ್‌ಟಾಪಿಗೆ ಪುಕ್ಕಟೆ ಸಿಗುವ ಸಂಕಲನದ ತಂತ್ರಾಂಶ ಹಾಕಿಕೊಂಡೆ. ಹಿಂದಿ ಬರುವವರು ಹಿಂದಿಯಲ್ಲಿ, ತಮಿಳು ಬರುವವರು ತಮಿಳಿನಲ್ಲಿ ಕಲಿಸುವ ವಿಡಿಯೋಗಳನ್ನು ಕೈಸನ್ನೆಯಿಂದಲೇ ಅರ್ಥ ಮಾಡಿಕೊಂಡೆ. ಆಯಿ ಚಕ್ಕುಲಿ ಒತ್ತುವುದನ್ನು ಫೋನಿನಲ್ಲಿ ತೆಗೆದು ಕತ್ತರಿಸಿ ಜೋಡಿಸಿದೆ. ಮೊದಲ ಸಲ ಜೋಡಿಸಿದ್ದು ನೋಡಿದರೆ ಆಯಿಯ ಕೈ ಒಂದು ಕ್ಷಣ ಎಡಕ್ಕಿದೆ, ಮರುಕ್ಷಣ ಬಲಕ್ಕಿದೆ. ಎಣ್ಣೆ ಬಿಸಿಯಾಗುವ ಮೊದಲೇ ಚಕ್ಕುಲಿ ಬೆಂದಿದೆ. ಆಯಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮತ್ತೆ ಜೋಡಿಸಿದೆ, ಮತ್ತೆ. ಒಂದು ದಿನ ಅದು ಸರಿಯಾಗಿ ಬಂತು. ಅಂದು ನನಗಾದ ಖುಷಿ ನಾನು ಪದವಿ ಪಾಸಾದಾಗಲೂ ಆಗಿರಲಿಲ್ಲ.

ವಾಹಿನಿಯ ಸಂಕಲನಕಾರನಿಗೆ ಹುಬ್ಬಳ್ಳಿಯಲ್ಲಿ ಕೆಲಸ ಸಿಕ್ಕಿ ಅವನು ಹೇಳದೆ ಕೇಳದೆ ಹೊರಟುಹೋದ. ಸಂಜೆಯ ಸುದ್ದಿ ಹೊರಡಬೇಕು, ಕೂರುವವರಿಲ್ಲ. ಸಂಪಾದಕರಿಗೆ ಕತ್ತರಿಸಲು ಒಂದಿಷ್ಟು ಬರುತ್ತಿತ್ತು, ಆದರೆ ಅವರು ಯಾವುದೋ ಸಭೆಯಲ್ಲಿದ್ದರು. ನಾನು ಯಾರನ್ನೂ ಕೇಳದೆ ಕುರ್ಚಿ ಎಳೆದುಕೊಂಡು ಕೂತೆ. ಸುದ್ದಿ ಹೊತ್ತಿಗೆ ಸರಿಯಾಗಿ ಹೋಯಿತು. ಮರುದಿನ ಸಂಪಾದಕರು, "ಅಡ್ಡಿಲ್ರಿ ಮೇಡಂ, ನಡೀತೈತಿ," ಎಂದರು. ಅಲ್ಲಿಂದ ಮುಂದೆ ಓದುವುದೂ ನಾನೇ, ಕತ್ತರಿಸುವುದೂ ನಾನೇ. ಆದರೆ ಕಾರ್ಯಕ್ರಮದ ಕೊನೆಗೆ ಹೆಸರು ಬರುವ ಕಡೆ ಸಂಕಲನ ಎಂಬ ಸಾಲೇ ಇರಲಿಲ್ಲ. ಇದ್ದ ಸಾಲನ್ನು ತೆಗೆದಿದ್ದರು. ಕೇಳಿದಾಗ, "ನೀವಿನ್ನೂ ತರಬೇತಿಯಾಗ ಇದ್ದೀರಿ, ರೂಲ್ಸ್ ಪ್ರಕಾರ ಹಾಕಾಕ ಬರೂದಿಲ್ರಿ," ಎಂದರು. ಯಾವ ರೂಲ್ಸ್, ಯಾರು ಮಾಡಿದ್ದು ಎಂದು ನಾನು ಕೇಳಲಿಲ್ಲ. ಕೆಲಸ ಕೈಗೆ ಸಿಕ್ಕಿತಲ್ಲ ಎಂದು ಸುಮ್ಮನಾದೆ.

ಕೆಲಸವೋ, ನನ್ನನ್ನು ಪೂರಾ ಹಿಡಿದುಕೊಂಡಿತ್ತು. ನಮ್ಮ ಕ್ಯಾಮೆರಾದವರು ಮೊದಲು ಮದುವೆ ವಿಡಿಯೋ ಮಾಡುತ್ತಿದ್ದವರು, ಕಡಿಮೆ ಮಾತಿನ ಮನುಷ್ಯ. ಒಮ್ಮೆ ಅವರ ಜೊತೆ ಯಲ್ಲಾಪುರ ದಾಟಿ ಚಂದಗುಳಿಗೆ ಹೋದೆ, ಘಂಟಿಗಣೇಶನ ಗುಡಿಯ ಬಗ್ಗೆ ಚಿಕ್ಕದೊಂದು ವರದಿ ಮಾಡಲು. ಹರಕೆಯ ಘಂಟೆಗಳ ಚಿತ್ರ ಬೇಕಾದಷ್ಟು ತೆಗೆದೆವು. ವಾಪಸ್ ಬಂದು ಕತ್ತರಿಸಲು ಕೂತರೆ ಎಲ್ಲಿ ಕತ್ತರಿಸಿದರೂ ಕಿವಿಗೆ ಏಟು ಬಿದ್ದ ಹಾಗೆ. ಘಂಟೆ ಹೊಡೆದ ಮೇಲೂ ಅದರ ನಾದ ಎಳೆಯುತ್ತಲೇ ಇರುತ್ತದೆ. ಅದರ ನಡುವೆ ಕತ್ತರಿ ಹಾಕಿದರೆ ಮಕ್ಕಳಿಗೂ ಗೊತ್ತಾಗುತ್ತದೆ. ಕೊನೆಗೆ ಚಿತ್ರ ಬದಲಾದರೂ ಸದ್ದು ಹಿಂದಿನದ್ದೇ ಮುಂದುವರಿಯುವ ಹಾಗೆ ಜೋಡಿಸಿದೆ. ಅಂದಿನಿಂದ ನಾನು ಯಾವ ಚಿತ್ರ ನೋಡಿದರೂ ಮೊದಲು ಹಿಂದಿನ ಸದ್ದು ಕೇಳುವುದನ್ನು ರೂಢಿ ಮಾಡಿಕೊಂಡೆ. ಮಾತಿನ ಹಿಂದೆ ಯಾವಾಗಲೂ ಏನಾದರೂ ಇರುತ್ತದೆ. ಫ್ಯಾನು, ಹಕ್ಕಿ, ದೂರದ ಬೈಕು. ಆಡುವವರ ಮಾತಿಗೆ ಕತ್ತರಿ ಬಿದ್ದರೆ ಅದಕ್ಕೂ ಬೀಳುತ್ತದೆ.

ಇಷ್ಟು ಕಲಿತಿದ್ದಾಗ ನಿಲ್ಕುಂದದ ವರದಿ ಬಂತು.

ಆ ಕಡೆಯ ಒಂದು ಹಳ್ಳದ ಕಾಲುಸಂಕ, ನಡೆದು ದಾಟುವ ಕಿರುಸೇತುವೆ, ಹಿಂದಿನ ಮಳೆಗಾಲದಲ್ಲಿ ಕೊಚ್ಚಿಹೋಗಿತ್ತು. ಹಳ್ಳದ ಆಚೆ ದಡದ ಮನೆಗಳವರಿಗೆ ಶಾಲೆಗೂ ಪೇಟೆಗೂ ಅದೇ ದಾರಿ. ಈಗ ಈಚೆ ದಡದ ಕೇರಿಗೆ ಡಾಂಬರು ರಸ್ತೆ ಮಂಜೂರಾಗಿತ್ತು. ಆಚೆಯವರು, ಮೊದಲು ಸಂಕ ಮಾಡಿ ಎಂದು ಮನವಿ ಕೊಡಲು ಹಳ್ಳದ ದಡದಲ್ಲಿ ಸೇರಿದ್ದರು. ಕ್ಯಾಮೆರಾದವರೂ ನಾನೂ ಸಿದ್ದಾಪುರದ ಮೇಲೆ ಹೋದೆವು. ಮುಖಂಡರು ಎಂದುಕೊಂಡವರು ಒಬ್ಬೊಬ್ಬರಾಗಿ ಅದದೇ ಮಾತಾಡಿದರು. ಆಮೇಲೆ ಒಬ್ಬ ಹೆಂಗಸು ಮುಂದೆ ಬಂದಳು. ಐವತ್ತರ ಆಸುಪಾಸು, ಗದ್ದೆ ಮಾಡಿಕೊಂಡಿರುವ ಮನೆಯವಳು. ಸಸಿ ನೆಟ್ಟಿ ಮುಗಿಸಿ ಕಾಲು ತೊಳೆದು ಬಂದಿದ್ದಳು, ಸೀರೆಯ ಅಂಚು ಇನ್ನೂ ಒದ್ದೆ. ಮೈಕಿಗೆ ಹೆದರಲಿಲ್ಲ. ಕೈ ಹಳ್ಳದ ಕಡೆಗೆ ಚಾಚಿ ಹೇಳಿದಳು:

"ನಮ್ಗೆ ರಸ್ತೆ ಬ್ಯಾಡ ಅಂತ ಯಾರು ಹೇಳಿದ್ದು? ರಸ್ತೆ ಬೇಕು. ಆದ್ರೆ ಅದ್ಕೂ ಮೊದ್ಲು ಈ ಹಳ್ಳಕ್ಕೆ ಸಂಕ ಬೇಕು. ಮಳೆಗಾಲದಲ್ಲಿ ಮಕ್ಳನ್ನ ಹೆಗಲ ಮೇಲೆ ಹೊತ್ಕೊಂಡು ದಾಟ್ತೀವಿ. ಸಂಕ ಇಲ್ದೆ ರಸ್ತೆ ಮಾಡಿದ್ರೆ ನಮ್ಗೆ ಎಂತ ಪ್ರಯೋಜನ?"

ನಾನು ಅಭ್ಯಾಸಕ್ಕೆಂದು ನನ್ನ ಫೋನನ್ನೂ ಒಂದು ಕಲ್ಲಿಗೆ ಆನಿಸಿ ಪಕ್ಕದಿಂದ ಚಿತ್ರ ತೆಗೆಯುತ್ತಿದ್ದೆ. ಆ ಮಾತು ಕೇಳಿದಾಗಲೇ ನನಗೆ ವರದಿ ಸಿದ್ಧವಾಯಿತು. ಅವಳ ಮಾತಿಗೆ ಕೈ ಹಚ್ಚುವ ಅಗತ್ಯವೇ ಇರಲಿಲ್ಲ. ಕಚೇರಿಗೆ ಬಂದು ಮೊದಲು ಹಳ್ಳದ ಸದ್ದು, ಆಮೇಲೆ ಮುರಿದ ಕಂಬ, ಆಮೇಲೆ ಅವಳ ಮಾತು ಇಡಿಯಾಗಿ ಇಟ್ಟು ಮುಗಿಸಿ, ಸಂಪಾದಕರಿಗೆ ತೋರಿಸಿದೆ.

"ಚೊಲೋ ಆಗೇತಿ," ಎಂದರು. "ಆದ್ರ ಸ್ವಲ್ಪ ಸಪ್ಪಗ ಐತ್ರಿ. ಇರ್ಲಿ, ನಾ ಒಂದೀಟು ಪಾಲಿಶ್ ಮಾಡ್ತೀನಿ. ನೀವು ಮನಿಗೆ ಹೋಗ್ರಿ."

ಮರುದಿನ ನನಗೆ ರಜೆ. ಬಟ್ಟೆ ಒಗೆದು ಹಿಂದಿನ ಅಂಗಳದಲ್ಲಿ ಹರವುತ್ತಿದ್ದೆ. ಒಳಗಿಂದ ಆಯಿ ಕೂಗಿದಳು.

"ಕೂಸೇ, ಬಾ ಬೇಗ! ನಿನ್ನ ಹೆಸ್ರು ಬಂಜು ಟಿವಿಯಲ್ಲಿ!"

ಓಡಿ ಬಂದೆ. ಅಷ್ಟರಲ್ಲಿ ಹೆಸರು ಹೋಗಿತ್ತು. ಆಯಿ ಟಿವಿಯ ಎದುರು ನಿಂತೇ ಇದ್ದಳು. ಮುಖದ ತುಂಬ ನಗು. ಪಕ್ಕದ ಮನೆಯವರನ್ನೂ ಕರೆದಾಗಿತ್ತು. "ಸಂಕಲನ ಹೇಳಿ ಬರದಿತ್ತು, ಕೆಳಗೆ ನಿನ್ನ ಹೆಸ್ರು. ದೊಡ್ಡಕ್ಕೆ," ಎಂದಳು. ನನಗೂ ಒಂದು ಕ್ಷಣ ಎದೆ ಹಿಗ್ಗಿತು. ಫೋನಿನಲ್ಲಿ ಹುಡುಕಿದೆ. ಮೊದಲು ಕಂಡದ್ದು ಆ ಹೆಂಗಸಿನ ಮುಖ, ಬಾಯಿ ತೆರೆದು ಕೈ ಎತ್ತಿದ ಭಂಗಿಯಲ್ಲಿ ನಿಲ್ಲಿಸಿದ್ದು, ಮೇಲೆ ಕೆಂಪು ಅಕ್ಷರ: "ರಸ್ತೆಯೇ ಬೇಡ ಎಂದ ಮಹಿಳೆ! ಅಭಿವೃದ್ಧಿಗೆ ಊರವರೇ ಅಡ್ಡಿ?"

ಒತ್ತಿ ನೋಡಿದೆ. ಹಳ್ಳದ ದಡದಲ್ಲಿ ಅವಳು ನಿಂತಿದ್ದಾಳೆ. "ನಮ್ಗೆ ರಸ್ತೆ ಬ್ಯಾಡ," ಎನ್ನುತ್ತಾಳೆ. ತಟ್ಟನೆ ಹಳ್ಳದ ನೀರಿನ ಚಿತ್ರ ಬರುತ್ತದೆ. ಮತ್ತೆ ಅವಳ ಮುಖ: "ರಸ್ತೆ ಮಾಡಿದ್ರೆ ನಮ್ಗೆ ಎಂತ ಪ್ರಯೋಜನ?" ಅಷ್ಟೇ. ಮುಗಿಯಿತು. ನಡುವಿನ ಸಂಕವಿಲ್ಲ, ಮಳೆಗಾಲವಿಲ್ಲ, ಹೆಗಲ ಮೇಲಿನ ಮಕ್ಕಳಿಲ್ಲ. "ರಸ್ತೆ ಬೇಕು" ಎಂದು ಅವಳು ಒತ್ತಿ ಹೇಳಿದ್ದು ಎಲ್ಲೂ ಇಲ್ಲ. ಕತ್ತರಿ ಬಿದ್ದ ಜಾಗ ಕಣ್ಣಿಗೆ ಕಾಣಬಾರದೆಂದು ನೀರಿನ ಚಿತ್ರ ಅಂಟಿಸಿದ್ದರು. ಕಣ್ಣಿಗೆ ಕಾಣಲಿಲ್ಲ, ನಿಜ. ಆದರೆ ಹಿಂದೆ ಹರಿಯುತ್ತಿದ್ದ ಹಳ್ಳದ ಸದ್ದು ಅಲ್ಲಿ ಧಡಕ್ಕನೆ ಜಿಗಿಯಿತು. ನನಗೆ ಕೇಳಿಸಿತು. ನೋಡಿದ ಇನ್ನಾರಿಗೂ ಕೇಳಿಸಿರಲಿಕ್ಕಿಲ್ಲ.

ಕೊನೆಗೆ, ಸಂಕಲನ ಎಂದು ನನ್ನ ಹೆಸರು. ನಾನು ಹಗಲಿಡೀ ಕತ್ತರಿಸಿದ ಯಾವ ವರದಿಗೂ ಹಾಕದೆ ಇದ್ದ ಹೆಸರು.

"ಆಯಿ, ಅದು ಆನು ಮಾಡಿದ್ದಲ್ಲ," ಎಂದೆ.

"ನೀ ಮಾಡಿದ್ದಲ್ದೆ ಹೆಸ್ರು ಎಂತಕ್ಕೆ ಬಂತು?"

ಪಕ್ಕದ ಮನೆಯವರು ಇನ್ನೂ ನಗುತ್ತ ನಿಂತಿದ್ದರು. ಒದ್ದೆ ಕೈಯಲ್ಲೇ ಸಂಪಾದಕರಿಗೆ ಫೋನು ಮಾಡಿದೆ. ಎತ್ತಲಿಲ್ಲ. ಸಂದೇಶ ಕಳಿಸಿದೆ: ಇದು ಸುಳ್ಳು, ತೆಗೆಯಿರಿ. ಎತ್ತಿದ ಹೆಬ್ಬೆರಳಿನ ಚಿತ್ರವೊಂದು ಉತ್ತರವಾಗಿ ಬಂತು. ಓದಿದ್ದೇನೆ ಎಂದೋ ಒಪ್ಪಿದ್ದೇನೆ ಎಂದೋ, ಅದರ ಅರ್ಥ ಇವತ್ತಿಗೂ ನನಗೆ ಗೊತ್ತಿಲ್ಲ. ವರದಿ ಇದ್ದಲ್ಲೇ ಇತ್ತು. ಸಂಜೆಯೊಳಗೆ ಅದು ನಮ್ಮ ವಾಹಿನಿಯ ಬೇರೆಲ್ಲ ಸುದ್ದಿಗಿಂತ ಹೆಚ್ಚು ಜನ ನೋಡಿದ ಸುದ್ದಿಯಾಗಿತ್ತು. ಕೆಳಗೆ ಪ್ರತಿಕ್ರಿಯೆಗಳು. ಇಂಥವರಿಗೆ ಪಡಿತರ ನಿಲ್ಲಿಸಬೇಕು ಎಂದು ಒಬ್ಬರು. ಕಾಡಲ್ಲೇ ಕೊಳೆಯಲಿ ಎಂದು ಇನ್ನೊಬ್ಬರು. ನಿಲ್ಕುಂದ ಎಲ್ಲಿದೆ ಎಂದು ಗೊತ್ತಿಲ್ಲದವರೂ ಬೈದಿದ್ದರು.

ಮರುದಿನ ನಾನು ಕಚೇರಿ ಮುಟ್ಟಿ ಚಪ್ಪಲಿ ಬಿಡುವಷ್ಟರಲ್ಲಿ ಮೆಟ್ಟಿಲಿನ ಮೇಲೆ ಇನ್ನೊಬ್ಬರ ಹೆಜ್ಜೆ ಕೇಳಿಸಿತು. ಅವಳೇ. ಬೆಳಗಿನ ಬಸ್ಸಿಗೆ ಒಬ್ಬಳೇ ಬಂದಿದ್ದಳು. ಬಾಗಿಲಲ್ಲಿ ನಿಂತು ಹಸಿರು ಪರದೆಯನ್ನೂ ದೀಪಗಳನ್ನೂ ನೋಡಿದಳು.

"ಇಲ್ಲಿ ಸುದ್ದಿ ಮಾಡೂದು ಯಾರು?"

ಸಂಪಾದಕರು ಕುರ್ಚಿಯಿಂದ ಎದ್ದರು. "ಬರ್ರಿ ಬರ್ರಿ ಅಕ್ಕಾರ, ಕುಂದ್ರಿ. ಚಾ ತರಸ್ಲೇನ್ರಿ?"

"ಚಾ ಬ್ಯಾಡ. ನಾ ಹೇಳಿದ ಮಾತು ಎಲ್ಲಿ ಹೋಯ್ತು, ಅದನ್ನ ಹೇಳಿ."

"ಮಾತು ನಿಮ್ದ ಐತಲ್ರಿ? ನಿಮ್ಮ ಬಾಯಿಂದ ಬಂದದ್ದನ್ನ ಹಾಕೇವಿ. ನಾವೇನೂ ಸೇರ್ಸಿಲ್ಲ."

"ಸೇರ್ಸ್ಲಿಲ್ಲ. ತೆಗ್ದೀರಿ," ಎಂದಳು. "ನಿನ್ನೆ ಡೈರಿಗೆ ಹಾಲು ಕೊಡೂಕೆ ಹೋದ್ರೆ ಈಚೆ ಕೇರಿಯವ್ರು ಯಾರೂ ನನ್ನ ಹತ್ರ ನೆಟ್ಟಗೆ ಮಾತಾಡ್ಲಿಲ್ಲ. ನಿನ್ನಿಂದ ನಮ್ಮ ರಸ್ತೆ ಹೋಯ್ತು ಅಂದ್ರು. ಮನೇಲಿ ಗಂಡ, ಅಲ್ಲಿ ಹೋಗಿ ಬಾಯಿ ಹಾಕು ಅಂತ ನಿಂಗೆ ಯಾರು ಹೇಳಿದ್ದು ಅಂದ್ರು. ಮಗಳು ಕಾಲೇಜಿಗೆ ಹೋಗ್ಲಿಲ್ಲ ಇವತ್ತು. ನಾ ಎಂತ ತಪ್ಪು ಮಾಡಿದ್ದು?"

ಸಂಪಾದಕರು ನನ್ನ ಕಡೆ ತಿರುಗದೆಯೇ, ಕೈ ಮಾತ್ರ ನನ್ನ ಕಡೆ ಮಾಡಿ, ಅದೇ ಮೃದುವಾದ ದನಿಯಲ್ಲಿ ಹೇಳಿದರು:

"ಮೇಡಂ ಹೊಸಬ್ರು ಅದಾರ್ರಿ ಅಕ್ಕಾರ. ಇನ್ನೂ ಕಲಿಯಾಕತ್ತಾರ. ಕೈ ತಪ್ಪಿ ಆಗೇತಿ. ಕಡೀಗೆ ಅವರ ಹೆಸರ ಐತಿ ನೋಡ್ರಿ. ಹೊಟ್ಟಿಗೆ ಹಾಕ್ಕೋರಿ."

ಹೆಸರು ಯಾಕೆ ಬಂತು ಎಂಬ ಆಯಿಯ ಪ್ರಶ್ನೆಗೆ ಉತ್ತರ ಅಲ್ಲಿತ್ತು. ಹೆಸರು ಮೆಚ್ಚಿಕೊಂಡು ಹಾಕಿದ್ದಲ್ಲ. ಕಲ್ಲು ಬಿದ್ದರೆ ತಲೆ ಕೊಡಲು ಒಬ್ಬರು ಬೇಕಿತ್ತು.

ಅವಳು ನನ್ನನ್ನು ನೋಡಿದಳು. ಹಳ್ಳದ ದಡದಲ್ಲಿ ಮಾತು ಮುಗಿದ ಮೇಲೆ ನನಗೆ ಕುಡಿಯಲು ನೀರು ತಂದುಕೊಟ್ಟವಳು ಅವಳೇ. "ನೀನಾ ತಂಗಿ?" ಎಂದಳು. ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಅಲ್ಲ ಅಕ್ಕಾ," ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು. "ನಾನು ನಿಮ್ಮ ಮಾತನ್ನ ಒಂದಕ್ಷರ ಮುಟ್ಟಿಲ್ಲ. ಇಡೀ ಇಟ್ಟು ಇವರಿಗೆ ಕೊಟ್ಟು ಹೋಗಿದ್ದೆ. ಕತ್ತರಿಸಿದ್ದು ಇವರು."

"ಮೇಡಂ, ಹೊರಗಿನವರ ಮುಂದ ಹಂಗ ಮಾತಾಡಬ್ಯಾಡ್ರಿ," ಎಂದರು ಸಂಪಾದಕರು.

"ಹೊರಗಿನವರು ಯಾರು ಸರ್? ಅವರ ಮಾತು, ಅವರ ಮುಖ. ಇಲ್ಲಿ ಹೊರಗಿನವರು ನಾವೇ. ಮೊನ್ನೆ ನಾನು ಮಾಡಿಟ್ಟ ವರದಿ ಕಂಪ್ಯೂಟರಿನಲ್ಲಿದೆ, ತೋರಿಸ್ತೇನೆ."

ಕೂತು ಹುಡುಕಿದೆ. ಇರಲಿಲ್ಲ. ನಾನು ಮಾಡಿದ್ದೂ ಇಲ್ಲ, ಮೂಲ ಚಿತ್ರವೂ ಇಲ್ಲ. ಕ್ಯಾಮೆರಾದವರ ಮುಖ ನೋಡಿದೆ. ಅವರು ಕಿಟಕಿಯ ಹೊರಗೆ ನೋಡುತ್ತ, "ಕಾರ್ಡ್ ಖಾಲಿ ಮಾಡಿ ಅಂದ್ರು, ಮಾಡ್ದೆ," ಎಂದರು. ಅವರಿಗೆ ಮನೆ ಇತ್ತು, ಸಾಲದ ಬೈಕು ಇತ್ತು, ನನಗೆ ಗೊತ್ತು. ಆದರೂ ಆ ಹೊತ್ತಿಗೆ ಅವರ ಮೇಲೆ ಬಂದ ಸಿಟ್ಟು ಇವತ್ತಿಗೂ ಪೂರಾ ಇಳಿದಿಲ್ಲ. ಆ ಹಳ್ಳದ ದಡದಲ್ಲಿ ಅವರೂ ನಿಂತಿದ್ದರಲ್ಲ. ಕಿವಿಗೆ ಹೆಡ್‌ಫೋನು ಹಾಕಿಕೊಂಡು ಆ ಮಾತನ್ನು ನನಗಿಂತ ಸ್ಪಷ್ಟವಾಗಿ ಕೇಳಿದವರು ಅವರು.

ಆಗ ನನ್ನ ಫೋನಿನ ನೆನಪಾಯಿತು. ಕಲ್ಲಿಗೆ ಆನಿಸಿ ತೆಗೆದದ್ದು ಅದರಲ್ಲಿ ಹಾಗೇ ಇತ್ತು. ಚಿತ್ರ ಸ್ವಲ್ಪ ಓರೆ, ಮೂಲೆಯಲ್ಲಿ ಹುಲ್ಲಿನ ಗರಿ ಅಡ್ಡ ಬಂದಿದೆ. ಮಾತು ಮಾತ್ರ ಮೊದಲಿಂದ ಕೊನೆವರೆಗೆ ಇತ್ತು. ಸದ್ದು ಏರಿಸಿ ಎಲ್ಲರ ಎದುರು ಹಚ್ಚಿದೆ. "ರಸ್ತೆ ಬೇಕು," ಎಂದು ಅವಳ ದನಿ ಆ ಮಾಳಿಗೆಯಲ್ಲಿ ಕೇಳಿಸಿತು. ಅವಳು ತನ್ನ ಮಾತನ್ನು ತಾನೇ ಬಾಯಿ ಬಿಟ್ಟುಕೊಂಡು ಕೇಳಿದಳು. ಮುಗಿದ ಮೇಲೆ, "ಹೂಂ. ಇದೇ ನಾ ಹೇಳಿದ್ದು," ಎಂದು ಸೆರಗಿನಿಂದ ಮುಖ ಒರೆಸಿಕೊಂಡಳು.

"ಇದನ್ನ ಹಾಕಿ ಸರ್," ಎಂದೆ. "ಅಷ್ಟೇ ದೊಡ್ಡ ಅಕ್ಷರದಲ್ಲಿ. ತಪ್ಪಾಗಿದೆ ಅಂತ ಹೇಳಿ ಹಾಕಿ."

"ಮೇಡಂ, ಕಂಪನಿ ಮರ್ಯಾದೆ ಅಂತ ಒಂದು ಇರ್ತೈತ್ರಿ."

"ಅವರದ್ದು?"

ನಾನು ಅಲ್ಲಿಯವರೆಗೂ, ಯಾರದ್ದಾದರೂ ಒತ್ತಡ ಇದ್ದಿರಬೇಕು, ಗುತ್ತಿಗೆದಾರರೋ ರಾಜಕೀಯದವರೋ ಹೇಳಿ ಮಾಡಿಸಿರಬೇಕು ಎಂದುಕೊಂಡಿದ್ದೆ. ನೇರವಾಗಿ ಕೇಳಿಯೂಬಿಟ್ಟೆ. ಸಂಪಾದಕರು ನಿಜವಾಗಿಯೂ ಆಶ್ಚರ್ಯಪಟ್ಟರು. "ಯಾರೂ ಹೇಳಿಲ್ರಿ. ಸಂಕ ಬೇಕು ಅಂದ್ರ ಯಾರು ನೋಡ್ತಾರ? ದಿನಾ ಒಬ್ಬರು ಬೇಕಂತಾರ. ಬ್ಯಾಡ ಅಂದ್ರ ಜನ ನೋಡ್ತಾರ," ಎಂದರು. ಅಷ್ಟೇ ಕಾರಣ. ಹಗೆಯಿಲ್ಲ, ಲಂಚವಿಲ್ಲ, ಸಂಚಿಲ್ಲ. ಜನ ನೋಡಲಿ ಎಂದು ಒಂದು ಊರಿನ ನಡುವೆ ಜಗಳ ಹಚ್ಚಿಟ್ಟು, ಒಬ್ಬ ಹೆಂಗಸನ್ನು ಅವಳ ಕೇರಿಯಲ್ಲಿ ತಲೆ ಎತ್ತದ ಹಾಗೆ ಮಾಡಿ, ಆಮೇಲೆ ಊಟಕ್ಕೆ ಹೋಗಿದ್ದರು. ಯಾರಾದರೂ ದುಷ್ಟರು ಸಿಕ್ಕಿದ್ದರೆ ನನಗೆ ಸಮಾಧಾನವಾದರೂ ಆಗುತ್ತಿತ್ತು.

ನಾನು ಚೀಲ ತೆಗೆದುಕೊಂಡೆ. "ನಾಳೆಯಿಂದ ಬರೂದಿಲ್ಲ," ಎಂದು ಹೇಳಿ ಅವಳ ಜೊತೆ ಮೆಟ್ಟಿಲಿಳಿದೆ. ಮನೆಗೆ ಕರೆದುಕೊಂಡು ಹೋಗಿ ಊಟ ಹಾಕಿಸಿದೆ. ಆಯಿಗೆ ವಿಷಯ ಹೇಳಿದೆ. ಆಯಿ ಅವಳ ತಟ್ಟೆಗೆ ಇನ್ನೊಂದು ಸೌಟು ತಂಬುಳಿ ಬಡಿಸಿ, "ಆನು ಖುಷಿಪಟ್ಟಿದ್ದೇ ತಪ್ಪಾತು," ಎಂದಳು. ನನಗೆ ಅಳು ಬಂದದ್ದು ಆಗ.

ಊಟವಾದ ಮೇಲೆ ಲ್ಯಾಪ್‌ಟಾಪ್ ತೆಗೆದುಕೊಂಡು ಅವಳ ಜೊತೆ ಬಸ್ಸು ಹತ್ತಿದೆ. ಸಂಜೆ ಹಾಲಿನ ಹೊತ್ತಿಗೆ ಡೈರಿಯಲ್ಲಿ ಎರಡೂ ದಡದವರು ಸೇರುತ್ತಾರೆ ಎಂದು ಅವಳೇ ಹೇಳಿದ್ದಳು. ಹಾಲಿನ ಕ್ಯಾನು ಇಡುವ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟೆ. ಮೊದಲು ಯಾರೂ ಹತ್ತಿರ ಬರಲಿಲ್ಲ. ಟಿವಿಯವಳು ಮತ್ತೆ ಬಂದಳು ಎಂದು ಯಾರೋ ಗೊಣಗಿದರು. ನಾನು ಮೊದಲು ವಾಹಿನಿಯಲ್ಲಿ ಬಂದದ್ದನ್ನು ತೋರಿಸಿದೆ. ಆಮೇಲೆ ಫೋನಿನಲ್ಲಿ ತೆಗೆದದ್ದನ್ನು ತೋರಿಸಿದೆ. ಆಮೇಲೆ ಎರಡನ್ನೂ ನಿಲ್ಲಿಸಿ ನಿಲ್ಲಿಸಿ, ಇಲ್ಲಿ ಕತ್ತರಿ ಬಿದ್ದಿದೆ, ಇಲ್ಲಿ ನೀರಿನ ಚಿತ್ರ ಅಂಟಿಸಿದ್ದಾರೆ, ಹಳ್ಳದ ಸದ್ದು ಕೇಳಿ ಎಂದೆ. ಕಿವಿಗೊಟ್ಟು ಕೇಳಿದರು. ಗೊತ್ತಾದವರು ಗೊತ್ತಾಗದವರಿಗೆ ತೋರಿಸಿದರು. ದಿನವೂ ಆ ಹಳ್ಳದ ಸದ್ದು ಕೇಳುವವರಲ್ಲವೇ.

ಹಿಂದಿನ ದಿನ ಅವಳನ್ನು ಹೆಚ್ಚು ಬೈದವರು ಈಚೆ ಕೇರಿಯ ಹಿರಿಯರೊಬ್ಬರಂತೆ. ಅವರು ಹಾಲಿನ ತಂಬಿಗೆ ಕೆಳಗಿಟ್ಟು, "ಇದನ್ನೇ ಮೊದ್ಲು ಹಾಕಿದ್ರೆ ಎಂತ ಆಗ್ತಿತ್ತು ನಿಮ್ಗೆ?" ಎಂದು ನನ್ನನ್ನೇ ಕೇಳಿದರು. ನಿಮ್ಗೆ ಎಂದರು. ವಾಹಿನಿ ಬಿಟ್ಟು ಬಂದೆ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಅವರ ಸಿಟ್ಟು ಯಾರ ಮೇಲಾದರೂ ಬೀಳಬೇಕಿತ್ತು, ನಾನು ಅಲ್ಲಿದ್ದೆ. ಅವರು ಅವಳ ಕಡೆ ತಿರುಗಿ, "ಆಯ್ತು ಮಾರಾಯ್ತಿ, ತಪ್ಪಾಯ್ತು. ಸಂಕದ ಅರ್ಜಿಗೆ ನಮ್ಮ ಕೇರಿಯವ್ರೂ ಸಹಿ ಹಾಕ್ತೀವಿ," ಎಂದರು. ಅವಳು ತಲೆ ಆಡಿಸಿದಳು. ಅಷ್ಟರಲ್ಲಿ ಹಿಂದೆ ನಿಂತಿದ್ದ ಒಬ್ಬ ಯುವತಿ ತನ್ನ ಫೋನು ತೋರಿಸಿದಳು. ಕತ್ತರಿಸಿದ ತುಣುಕಿಗೆ ಯಾರೋ ನಗೆಯ ಸದ್ದು ಸೇರಿಸಿ, ಕತ್ತೆಯ ಚಿತ್ರ ಅಂಟಿಸಿ ಬಿಟ್ಟಿದ್ದರು. ಅದು ಆಗಲೇ ಅಂಕೋಲೆ, ಕುಮಟೆಯವರ ಗುಂಪುಗಳಿಗೂ ಹೋಗಿತ್ತಂತೆ. ಅದನ್ನು ಹಿಂದಕ್ಕೆ ತರುವ ವಿದ್ಯೆ ನಾನು ಯಾವ ವಿಡಿಯೋದಿಂದಲೂ ಕಲಿತಿರಲಿಲ್ಲ.

ನಾನು ಓರೆ ಚಿತ್ರದ ಇಡೀ ಮಾತನ್ನು ನನ್ನ ಹೆಸರಿನಲ್ಲೇ ಯೂಟ್ಯೂಬ್‌ಗೆ ಹಾಕಿದೆ. ನೋಡಿದವರು ಕೆಲವರು. ಕತ್ತರಿಸಿದ್ದನ್ನು ನೋಡಿದವರ ಎದುರು ಅದು ಏನೂ ಅಲ್ಲ. ಊರಿನವರು ಸೇರಿ ವಾಹಿನಿಗೆ ಬರೆದುಕೊಟ್ಟ ಮೇಲೆ ಅವರು ವರದಿ ತೆಗೆದರು. ಮಧ್ಯಾಹ್ನ ಜನ ಮಲಗಿರುವ ಹೊತ್ತಿಗೆ, ಬಂಗಾರದಂಗಡಿಯ ಜಾಹೀರಾತಿನ ಕೆಳಗೆ, ಓಡುವ ಅಕ್ಷರದಲ್ಲಿ ಒಂದು ಸಾಲು ಬಂತು: "ತಾಂತ್ರಿಕ ಕಾರಣದಿಂದ ವರದಿಯಲ್ಲಿ ವ್ಯತ್ಯಾಸವಾಗಿದ್ದು, ವಿಷಾದಿಸುತ್ತೇವೆ." ತಾಂತ್ರಿಕ ಕಾರಣ! ಯಂತ್ರ ತಾನಾಗಿ ಎದ್ದು, ಅವಳ ಮಾತಿನಲ್ಲಿ ಬೇಕಾದದ್ದನ್ನು ಆರಿಸಿ ತೆಗೆದು, ಮೇಲೆ ನೀರಿನ ಚಿತ್ರ ಅಂಟಿಸಿ, ನನ್ನ ಹೆಸರು ಬರೆದು ಮತ್ತೆ ಮಲಗಿತಂತೆ. ಆ ಸಾಲು ಓಡಿಹೋಗುವಾಗ ನಾನು ಟಿವಿಯ ಎದುರು ಗಟ್ಟಿಯಾಗಿ ಬೈದೆ. ಏನು ಬೈದೆ ಎಂದು ಇಲ್ಲಿ ಬರೆಯಲಾರೆ. ಆಯಿ ತಡೆಯಲಿಲ್ಲ.

ಈಗ ನಾನು ವಾರದ ಕೊನೆಗೆ ಯಲ್ಲಾಪುರದಲ್ಲಿ ಸಂಕಲನ ಕಲಿಸುತ್ತೇನೆ, ಪರಿಚಯದವರೊಬ್ಬರು ಬಿಟ್ಟುಕೊಟ್ಟ ಕೋಣೆಯಲ್ಲಿ. ಬರುವವರಲ್ಲಿ ಹೆಚ್ಚಿನವರು ಕಾಲೇಜು ಮುಗಿಸಿದ ಹುಡುಗಿಯರು. ಮೊದಲ ದಿನವೇ ಕಂಪ್ಯೂಟರಿನ ಎದುರು ಕೂರಿಸುತ್ತೇನೆ. ಒಬ್ಬರ ಮಾತನ್ನು ಕೊಟ್ಟು, ಅದನ್ನು ಕತ್ತರಿಸಿ ಉಲ್ಟಾ ಅರ್ಥ ಬರುವ ಹಾಗೆ ಮಾಡಿ ಎನ್ನುತ್ತೇನೆ. ಎಲ್ಲರೂ ಬೇಗ ಮಾಡುತ್ತಾರೆ, ನಗುತ್ತಾರೆ. ಆಮೇಲೆ ಅವರವರದೇ ಮಾತನ್ನು ಫೋನಿನಲ್ಲಿ ತೆಗೆದು, ಹಾಗೇ ಕತ್ತರಿಸಲು ಪಕ್ಕದವರ ಕೈಗೆ ಕೊಡುತ್ತೇನೆ. ಆಗ ಯಾರೂ ನಗುವುದಿಲ್ಲ. ಒಬ್ಬಳು ಹುಡುಗಿ ಕಳೆದ ಸಲ ಎದ್ದು, "ಅಕ್ಕಾ, ಇದನ್ನ ಅಳಿಸಿಬಿಡಿ, ಪ್ಲೀಸ್," ಎಂದಳು. ಅಳಿಸಿದ್ದನ್ನು ಅವಳ ಕಣ್ಣೆದುರೇ ತೋರಿಸಿದೆ. ಇಂಥ ಪಾಠ ಯಾಕೆ, ಬಣ್ಣ ತಿದ್ದುವುದು ಕಲಿಸಿ ಎಂದು ದೂರುವವರೂ ಇದ್ದಾರೆ. ಅದನ್ನೂ ಕಲಿಸುತ್ತೇನೆ, ಆಮೇಲೆ.

ಈ ಮಳೆಗಾಲಕ್ಕೆ ಮೊದಲು ನಿಲ್ಕುಂದಕ್ಕೆ ಹೋಗಿದ್ದೆ. ಹಳ್ಳಕ್ಕೆ ಸಂಕ ಆಗಿದೆ. ಕಬ್ಬಿಣದ್ದು, ಅಗಲ ಕಡಿಮೆ, ಆದರೆ ಗಟ್ಟಿ. ರಸ್ತೆಯ ಜಲ್ಲಿ ಇನ್ನೂ ದಾರಿಯ ಬದಿಯಲ್ಲಿ ರಾಶಿ ಬಿದ್ದಿದೆ. ಅವಳ ಮನೆಗೆ ಹೋದೆ. ಬಾಳೆಹಣ್ಣು, ಚಹಾ ಕೊಟ್ಟಳು. ಮಗಳಿಗೆ ಶಿವಮೊಗ್ಗದ ಕಡೆ ಕೆಲಸವಾದ ಸುದ್ದಿ ಹೇಳಿದಳು. ಸಂಕದ ಬಗ್ಗೆ ಚಿಕ್ಕದೊಂದು ವರದಿ ಮಾಡುವ ಮನಸ್ಸು ನನಗೆ. ಹೋರಾಡಿದವಳು ಅವಳು, ಅವಳೇ ಮಾತಾಡಿದರೆ ಚೆನ್ನ. ಹೇಳಿದ್ದನ್ನು ಹೇಳಿದ ಹಾಗೇ ಇಡುತ್ತೇನೆ, ಹಾಕುವ ಮೊದಲು ತೋರಿಸುತ್ತೇನೆ ಎಂದೆ.

ಅವಳು ನನ್ನ ಕೈಯಿಂದ ಚಹಾದ ಲೋಟ ತೆಗೆದುಕೊಂಡಳು.

"ಬ್ಯಾಡ ತಂಗಿ. ನೀನು ಒಳ್ಳೇಳು, ಅದು ನಂಗೊತ್ತು. ಆದ್ರೆ ಇನ್ನು ನಾ ಅದ್ರ ಮುಂದೆ ಬಾಯಿ ಬಿಡೂದಿಲ್ಲ. ಯಾವತ್ತೂ ಇಲ್ಲ. ಬೇರೆ ಯಾರನ್ನಾದ್ರೂ ಕೇಳು."

ನಾನು ಒತ್ತಾಯ ಮಾಡಲಿಲ್ಲ. ಕೇಳಲು ಬೇರೆ ಯಾರೂ ಇರಲಿಲ್ಲ ಎಂದಲ್ಲ. ಅಂದು ಹಳ್ಳದ ದಡದಲ್ಲಿ ಮಾತಾಡಿದ ಮುಖಂಡರು ಕರೆದರೆ ಈಗಲೂ ಬರುತ್ತಾರೆ, ಮೈಕು ಕಂಡರೆ ಬಿಡುವುದಿಲ್ಲ. ಆದರೆ ಹೇಳಬೇಕಾದದ್ದನ್ನು ಹೇಳಲು ಬರುತ್ತಿದ್ದವಳು ಅವಳೊಬ್ಬಳೇ. ಅವಳ ಬಾಯಿ ಮುಚ್ಚಿಸಿದವರು ಈಗಲೂ ಅದೇ ಮಾಳಿಗೆಯಲ್ಲಿ ಕೂತು ದಿನಾ ಸಂಜೆ ಸುದ್ದಿ ಮಾಡುತ್ತಾರೆ. ನಾನು ಸಂಕ ದಾಟಿ ಬಸ್ಸಿಗೆ ಬಂದೆ. ಸಿದ್ದಾಪುರ ಮುಟ್ಟುವವರೆಗೂ ಕೈಯಲ್ಲಿದ್ದ ಕ್ಯಾಮೆರಾದ ಚೀಲವನ್ನು ಕೆಳಗಿಡಲೂ ತೋಚದಷ್ಟು ಸಿಟ್ಟಿತ್ತು.